ಡಾಲರಿನ ಗುಣಾಕಾರವೂ ಬದುಕಿನ ಲೆಕ್ಕವೂ



ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಬದುಕು ಅಮೆರಿಕದಲ್ಲಿ ಮೇಲೋ, ಭಾರತದಲ್ಲಿ ಮೇಲೋ? ಮಗ ಎಂ.ಎಸ್. ಓದಲು ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕುವಾಗ ಈ ಪ್ರಶ್ನೆ ಏಳುತ್ತದೆ. ಮಗಳಿಗೆ ಗಂಡು ನೋಡುವಾಗ ಏಳುತ್ತದೆ. ಮಧ್ಯರಾತ್ರಿ ಮನೆಯ ಯಜಮಾನರಿಗೆ ಎದೆನೋವು ಕಾಣಿಸಿಕೊಂಡು, ಕೆಳಗೆ ರಿಕ್ಷಾ ಹುಡುಕಲು ಯಾರನ್ನು ಕಳಿಸಬೇಕೆಂದು ತೋಚದಿರುವಾಗಲೂ ಏಳುತ್ತದೆ. ಮೊದಲ ಎರಡು ಸಂದರ್ಭಗಳಲ್ಲಿ ಉತ್ತರ ಥಟ್ಟನೆ ಬರುತ್ತದೆ: ಅಮೆರಿಕ. ಮೂರನೆಯ ಸಂದರ್ಭದಲ್ಲಿ ಉತ್ತರ ಹೇಳುವವರು ಮನೆಯಲ್ಲಿರುವುದಿಲ್ಲ.

ಹೋಲಿಸಿ ನೋಡುವುದು ತಪ್ಪಲ್ಲ. ಹಿಂದಿನ ತಲೆಮಾರು ಕಾರ್ಕಳ, ಮೂಡುಬಿದಿರೆ, ಬೆಳಗಾವಿ, ಧಾರವಾಡಗಳ ಕಡೆಯಿಂದ ಮುಂಬಯಿಗೆ ಬಂದದ್ದೂ ಊರಿನ ಬದುಕನ್ನು ನಗರದ ಬದುಕಿನೊಡನೆ ತೂಗಿ ನೋಡಿಯೇ. ಆದರೆ ಇಂದು ಮನೆಮನೆಗಳಲ್ಲಿ ನಡೆಯುತ್ತಿರುವುದು ಜಮೆಯ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಲೆಕ್ಕ. ಯಾವ ಲೆಕ್ಕಪರಿಶೋಧಕನೂ ಅಂಥ ಪುಸ್ತಕಕ್ಕೆ ಸಹಿ ಹಾಕಲಾರ. ಎರಡೂ ದೇಶಗಳ ಎರಡೂ ಬದಿಗಳನ್ನು ಬರೆದು ನೋಡುವುದು ಈ ಉಪನ್ಯಾಸದ ಉದ್ದೇಶ.

ಮೊದಲ ತಪ್ಪು ಗುಣಾಕಾರದಲ್ಲಿದೆ. ಅಮೆರಿಕದಲ್ಲಿ ವರ್ಷಕ್ಕೆ ಒಂದು ಲಕ್ಷ ಡಾಲರ್ ಸಂಬಳ ಎಂದೊಡನೆ ಇಲ್ಲಿಯ ಮನಸ್ಸು ಅದನ್ನು ರೂಪಾಯಿಗೆ ತಿರುಗಿಸುತ್ತದೆ. ಡಾಲರಿಗೆ 85 ರೂ. ಎಂದಿಟ್ಟುಕೊಂಡರೂ 85 ಲಕ್ಷವಾಯಿತು. ಆದರೆ ಆ ಹಣ ಖರ್ಚಾಗುವುದು ಡೊಂಬಿವಲಿಯ ಕಿರಾಣಿ ಅಂಗಡಿಯಲ್ಲಲ್ಲ. ಎರಡು ದೇಶಗಳ ಬೆಲೆಗಳನ್ನು ಸರಿದೂಗಿಸಲು ವಿಶ್ವಬ್ಯಾಂಕ್ ಬಳಸುವ ಕೊಳ್ಳುವ ಶಕ್ತಿಯ ಅಳತೆಯ ಪ್ರಕಾರ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವುದು ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ. ಅಂದರೆ ಒಂದು ಲಕ್ಷ ಡಾಲರಿನ ಸಂಸಾರ ಇಲ್ಲಿಯ 20 ಲಕ್ಷ ರೂಪಾಯಿಯ ಸಂಸಾರಕ್ಕೆ ಹತ್ತಿರ. ತಲಾ ಉತ್ಪನ್ನದಲ್ಲಿಯೂ ಹೀಗೆಯೇ. ವಿನಿಮಯ ದರದಲ್ಲಿ ಅಮೆರಿಕ ಭಾರತಕ್ಕಿಂತ ಸುಮಾರು ಮೂವತ್ತು ಪಟ್ಟು ಮುಂದಿದೆ. ಕೊಳ್ಳುವ ಶಕ್ತಿಯಲ್ಲಿ ಅಂತರ ಸುಮಾರು ಎಂಟು ಪಟ್ಟಿಗೆ ಇಳಿಯುತ್ತದೆ. ಎಂಟು ಪಟ್ಟು ಕಡಿಮೆಯದೇನಲ್ಲ, ಆದರೆ ಮೂವತ್ತೂ ಅಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಲ್ಲಿ ಖರ್ಚಾದ ಡಾಲರಿನ ಬೆಲೆ 20 ರೂಪಾಯಿ. ಉಳಿಸಿ ಇಲ್ಲಿಗೆ ಕಳಿಸಿದ ಡಾಲರಿನ ಬೆಲೆ 85 ರೂಪಾಯಿ. ಆದ್ದರಿಂದ ವಿದೇಶದ ದುಡಿಮೆ ಲಾಭವಾಗಿ ಕಾಣುವುದು ಅಲ್ಲಿ ಕಡಿಮೆ ಬದುಕಿ ಇಲ್ಲಿಗೆ ಹೆಚ್ಚು ಕಳಿಸಿದಾಗ. ಡೊಂಬಿವಲಿಯ ಹಳೆಯ ಮನೆಯ ಸಾಲ ತೀರಿದ್ದು, ಘೋಡ್‌ಬಂದರ್ ರಸ್ತೆಯಲ್ಲಿ ಹೊಸ ಫ್ಲ್ಯಾಟ್ ಬಂದದ್ದು ಇಂಥ ಉಳಿತಾಯದಿಂದ. ಅದು ಮಕ್ಕಳ ತ್ಯಾಗ, ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ ಉಳಿತಾಯದ ದರವನ್ನು ಬದುಕಿನ ಮಟ್ಟವೆಂದು ತಿಳಿಯಬಾರದು.

ಇನ್ನು ಜಾಗತಿಕ ಸೂಚ್ಯಂಕಗಳನ್ನು ನೋಡಬಹುದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2025ರಲ್ಲಿ ಪ್ರಕಟಿಸಿದ ಮಾನವ ಅಭಿವೃದ್ಧಿ ವರದಿಯಲ್ಲಿ ಅಮೆರಿಕಕ್ಕೆ 17ನೆಯ ಸ್ಥಾನ, ಭಾರತಕ್ಕೆ 130ನೆಯ ಸ್ಥಾನ. ನಿರೀಕ್ಷಿತ ಆಯುಷ್ಯ ಭಾರತದಲ್ಲಿ 72 ವರ್ಷ, ಅಮೆರಿಕದಲ್ಲಿ 79ರ ಆಸುಪಾಸು. ಅದೇ ವರ್ಷದ ವಿಶ್ವ ಸಂತೋಷ ವರದಿಯಲ್ಲಿ ಅಮೆರಿಕ 24ನೆಯದು, ಭಾರತ 118ನೆಯದು. ಈ ಅಂಕಿಗಳನ್ನು ಪಾಶ್ಚಾತ್ಯರ ಪಿತೂರಿಯೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಪ್ರಾಮಾಣಿಕತೆಯಲ್ಲ. ಬೆಳಿಗ್ಗೆ ಡೊಂಬಿವಲಿ ನಿಲ್ದಾಣದಲ್ಲಿ ಫಾಸ್ಟ್ ಲೋಕಲ್‌ಗೆ ಕಾಯುವ ಯಾರಿಗೂ ಆ ಅಂತರವನ್ನು ವರದಿ ಓದಿ ತಿಳಿಯಬೇಕಾಗಿಲ್ಲ.

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಥಾಣೆಯಲ್ಲಿ. ಅದಾಗಿ 172 ವರ್ಷಗಳ ಬಳಿಕ, 2025ರ ಜೂನ್ 9ರ ಬೆಳಿಗ್ಗೆ, ಥಾಣೆಗೆ ಅನತಿ ದೂರದ ಮುಂಬ್ರಾದ ಬಳಿ ಎದುರುಬದುರಾಗಿ ಸಾಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲುಗಳಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗೆ ಬಿದ್ದರು. ನಾಲ್ವರು ಅಂದೇ ಪ್ರಾಣ ಬಿಟ್ಟರು. ಮುಂಬಯಿ ಉಪನಗರ ರೈಲುಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಕಲ್ಯಾಣದಿಂದ ಮುಂಬಯಿಗೆ 50 ಕಿಲೋಮೀಟರಿಗೂ ಹೆಚ್ಚು ದೂರ. ಆ ದೂರವನ್ನು ದಿನಕ್ಕೆರಡು ಬಾರಿ ಸವೆಸುವ ಶ್ರಾವಕನಿಗೆ ಸೂರ್ಯಾಸ್ತದೊಳಗೆ ಮನೆ ಸೇರಿ ಊಟ ಮಾಡುವುದು ಕನಸಿನ ಮಾತು. ಅವನ ನಿಯಮ ತಪ್ಪುತ್ತಿರುವುದು ಶ್ರದ್ಧೆಯ ಕೊರತೆಯಿಂದಲ್ಲ, ರೈಲುವೇಳಾಪಟ್ಟಿಯಿಂದ. ಬದುಕಿನ ಗುಣಮಟ್ಟಕ್ಕೆ ಇದೂ ಒಂದು ಅಳತೆಗೋಲು.

ಹಾಗಾದರೆ ಎರಡು ದೇಶಗಳ ನಡುವಿನ ನಿಜವಾದ ವ್ಯತ್ಯಾಸವೇನು? ಅಮೆರಿಕದಲ್ಲಿ ಮಧ್ಯಮವರ್ಗಕ್ಕೆ ಸಿಗುವ ಸುಖದ ಬಹುಪಾಲು ಸಾರ್ವಜನಿಕವಾದುದು. ನಲ್ಲಿಯ ನೀರನ್ನು ಸಾಮಾನ್ಯವಾಗಿ ಹಾಗೆಯೇ ಕುಡಿಯಬಹುದು. ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆ ಉಚಿತ, ಮತ್ತು ವೈದ್ಯರ ಮಗುವೂ ಅಂಚೆ ನೌಕರರ ಮಗುವೂ ಅಲ್ಲಿ ಒಟ್ಟಿಗೆ ಓದುವುದುಂಟು. ಭಾರತದಲ್ಲಿ ಅದೇ ವರ್ಗದ ಸುಖ ಬಹುಪಾಲು ಖಾಸಗಿಯದು. ನೀರಿಗೆ ಫಿಲ್ಟರ್ ಮತ್ತು ಟ್ಯಾಂಕರ್, ಶಾಲೆಗೆ ಡೊನೇಷನ್ ಮತ್ತು ಟ್ಯೂಷನ್, ಕಾವಲಿಗೆ ಸೊಸೈಟಿಯ ವಾಚ್‌ಮನ್. ತೆರಿಗೆಯನ್ನೂ ಕೊಟ್ಟು, ತೆರಿಗೆಯಿಂದ ಬರಬೇಕಾದುದನ್ನು ಮತ್ತೊಮ್ಮೆ ಕಾಸು ಕೊಟ್ಟು ಕೊಳ್ಳುವುದು ಇಲ್ಲಿಯ ಮಧ್ಯಮವರ್ಗದ ನಿತ್ಯದ ಪಾಡು.

ಆದರೆ ಅಮೆರಿಕದ ಖರ್ಚಿನ ಬದಿಯೂ ಸಣ್ಣದಲ್ಲ. ಆ ದೇಶ ತನ್ನ ಒಟ್ಟು ಉತ್ಪನ್ನದ ಶೇಕಡಾ 17ಕ್ಕೂ ಹೆಚ್ಚನ್ನು ಆರೋಗ್ಯಕ್ಕೆ ವ್ಯಯಿಸುತ್ತದೆ. ಆದರೂ ಎರಡೂವರೆ ಕೋಟಿಗೂ ಹೆಚ್ಚು ಜನರಿಗೆ ವಿಮೆಯೇ ಇಲ್ಲ. ವಿಮೆ ಹೆಚ್ಚಿನವರಿಗೆ ನೌಕರಿಗೆ ಅಂಟಿಕೊಂಡಿರುವುದರಿಂದ ನೌಕರಿ ಹೋದರೆ ವಿಮೆಗೂ ಸಂಚಕಾರ. ಬಂದೂಕಿನಿಂದ ವರ್ಷಕ್ಕೆ 40 ಸಾವಿರಕ್ಕೂ ಹೆಚ್ಚು ಸಾವುಗಳಾಗುತ್ತವೆ. ಕಾರು ಓಡಿಸಲಾಗದ ವೃದ್ಧರು ಹೆಚ್ಚಿನ ಉಪನಗರಗಳಲ್ಲಿ ಮನೆಯೊಳಗೇ ಬಂದಿಗಳು.

ಇದರ ಮೇಲೆ ಭಾರತೀಯರಿಗೆ ವೀಸಾದ ತೂಗುಗತ್ತಿ ಬೇರೆ. ನೌಕರಿಯ ಆಧಾರದ ಗ್ರೀನ್ ಕಾರ್ಡುಗಳ ವಾರ್ಷಿಕ ಮಿತಿ ಸುಮಾರು 1,40,000. ಒಂದೊಂದು ದೇಶಕ್ಕೆ ಸಾಮಾನ್ಯವಾಗಿ ಅದರ ಶೇಕಡಾ 7. ಆದ್ದರಿಂದ ಭಾರತೀಯರ ಸರದಿ ಹತ್ತು ವರ್ಷಕ್ಕೂ ಮೀರಿ ಬೆಳೆದಿದೆ. ಎಚ್-1ಬಿ ವೀಸಾದವರ ನೌಕರಿ ಹೋದರೆ ಬೇರೆ ನೌಕರಿ ಹಿಡಿಯಲು ಅಥವಾ ಹೊರಡಲು ಇರುವ ಅವಕಾಶ ಹೆಚ್ಚೆಂದರೆ 60 ದಿನ. 2025ರ ಸೆಪ್ಟೆಂಬರ್ 19ರ ಘೋಷಣೆಯಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ್ದು ಎಲ್ಲರಿಗೂ ನೆನಪಿದೆ. ಸಂಬಳದಿಂದ ಕಡಿತವಾಗುವ ಸೋಷಿಯಲ್ ಸೆಕ್ಯುರಿಟಿಯ ಪಿಂಚಣಿಗೆ ಅರ್ಹರಾಗಲು ಸಾಮಾನ್ಯವಾಗಿ ಹತ್ತು ವರ್ಷದ ದುಡಿಮೆ ಬೇಕು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲದ ಕಾರಣ ಎಂಟು ವರ್ಷ ದುಡಿದು ಮರಳಿದವರಿಗೆ ಆ ಕಡಿತ ಕೈಬಿಟ್ಟ ಹಾಗೆಯೇ. ವರನ ಸಂಬಳ ಕೇಳುವ ಹೆಣ್ಣಿನ ಮನೆಯವರು ಇವುಗಳಲ್ಲಿ ಒಂದನ್ನಾದರೂ ಕೇಳುತ್ತಾರೆಯೇ?

ಭಾರತದ ಜಮೆಯ ಬದಿಯಲ್ಲಿ ಎಲ್ಲರೂ ಬರೆಯುವುದು ಒಂದೇ ಮಾತು: ಇಲ್ಲಿ ಜನ ಸಿಗುತ್ತಾರೆ. ಪಾತ್ರೆ ತೊಳೆಯಲು, ಅಡುಗೆ ಮಾಡಲು, ಮಗು ನೋಡಿಕೊಳ್ಳಲು, ಕಾಯಿಲೆಯವರ ಬಳಿ ಕೂರಲು. ಮಾತು ನಿಜ. ಆದರೆ ಈ ಸೌಖ್ಯವನ್ನು ಯಾರ ಖಾತೆಗೆ ಖರ್ಚು ಹಾಕಲಾಗಿದೆ ಎಂದು ಕೇಳಬೇಕು. ಡೊಂಬಿವಲಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಬದುಕುವ ಹೆಂಗಸಿಗೆ ವಾರದ ರಜೆ ಇಲ್ಲ, ಭವಿಷ್ಯನಿಧಿ ಇಲ್ಲ, ಹೆರಿಗೆ ರಜೆ ಇಲ್ಲ. 2017ರ ತಿದ್ದುಪಡಿಯಿಂದ ಭಾರತದಲ್ಲಿ ಉದ್ಯೋಗಸ್ಥ ಮಹಿಳೆಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಸಿಕ್ಕಿತು. ಅಮೆರಿಕದ ಕೇಂದ್ರ ಕಾನೂನು 1993ರಿಂದ ಕೊಡುತ್ತಿರುವುದು 12 ವಾರಗಳ ಸಂಬಳರಹಿತ ರಜೆ ಮಾತ್ರ. ಇಲ್ಲಿ ಭಾರತವೇ ಮುಂದೆ ಎಂದು ಹೆಮ್ಮೆಪಡಬಹುದು. ಆದರೆ ಆ 26 ವಾರಗಳ ಕಾಲ ಬಾಣಂತಿಯ ಮನೆಯ ನೆಲ ಒರೆಸುವ ಹೆಂಗಸಿಗೆ ಆ ಕಾನೂನು ತಲುಪುವುದಿಲ್ಲ. ಇರುವೆಗೂ ನೋವಾಗದಂತೆ ನಡೆಯಬೇಕೆಂದು ಮಕ್ಕಳಿಗೆ ಕಲಿಸುವ ಸಮಾಜ, ತನ್ನ ಸೌಖ್ಯ ಇನ್ನೊಬ್ಬರ ಕಡಿಮೆ ಕೂಲಿಯ ಮೇಲೆ ನಿಂತಿರುವುದನ್ನು ಕಾಣದಿದ್ದರೆ ಅದು ಅಹಿಂಸೆಯ ಅರ್ಧ ಪಾಠ.

ಈಗ ಸಮಸ್ಯೆಯ ಇನ್ನೊಂದು ಮುಖಕ್ಕೆ ಬರೋಣ. ಬದುಕಿನ ಗುಣಮಟ್ಟ ದೇಶದ ಹಣೆಬರಹವೇ? ಹಾಗಿದ್ದರೆ ಒಂದೇ ಜಿಲ್ಲೆಯ ಎರಡು ನಗರಗಳು ಒಂದೇ ರೀತಿ ಇರಬೇಕಾಗಿತ್ತು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, ಯೋಜನೆ ಮೊದಲು, ಮನೆ ಆಮೇಲೆ ಎಂಬ ಕ್ರಮದಲ್ಲಿ ನವಿಮುಂಬಯಿ ಬೆಳೆಯಿತು. ಅಲ್ಲಿಯ ಪಾಲಿಕೆಗೆ ತನ್ನದೇ ಆದ ಮೋರ್ಬೆ ಅಣೆಕಟ್ಟಿದೆ. ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ ನವಿಮುಂಬಯಿಗೆ ದೇಶದಲ್ಲೇ ಎರಡನೆಯ ಸ್ಥಾನ, ಥಾಣೆಗೆ ಆರನೆಯ ಸ್ಥಾನ ದೊರೆತಿತ್ತು. ಕಲ್ಯಾಣ್-ಡೊಂಬಿವಲಿಯಲ್ಲಿ ಮನೆ ಮೊದಲು ಬಂತು. ರಸ್ತೆ, ಚರಂಡಿ, ಆಟದ ಮೈದಾನ ಅದರ ಬೆನ್ನಟ್ಟಿ ಓಡುತ್ತಿವೆ. ವಸತಿಗಳ ಮಗ್ಗುಲಲ್ಲೇ ರಾಸಾಯನಿಕ ಕಾರ್ಖಾನೆಗಳಿರುವ ಡೊಂಬಿವಲಿ ಎಂ.ಐ.ಡಿ.ಸಿ.ಯಲ್ಲಿ 2016ರ ಮೇ ತಿಂಗಳಲ್ಲಿ ಸ್ಫೋಟವಾಗಿ ಜನ ಸತ್ತರು; ಎಂಟು ವರ್ಷಗಳ ಬಳಿಕ, 2024ರ ಮೇ ತಿಂಗಳಲ್ಲಿ, ಮತ್ತೊಮ್ಮೆ ಸತ್ತರು. ವಾಶಿ ಮತ್ತು ಡೊಂಬಿವಲಿಗಳ ನಡುವೆ ಸಮುದ್ರವಿಲ್ಲ, ವೀಸಾ ಬೇಕಿಲ್ಲ. ವ್ಯತ್ಯಾಸವನ್ನು ತಂದದ್ದು ಯೋಜನೆ ಮತ್ತು ಆಡಳಿತ.

ನವಿಮುಂಬಯಿಯ ಆ ಅಂದಕ್ಕೂ ಬೆಲೆ ತೆತ್ತವರಿದ್ದಾರೆ ಎಂಬುದನ್ನು ಮರೆಯಬಾರದು. 95 ಹಳ್ಳಿಗಳ ರೈತರ ಮತ್ತು ಆಗ್ರಿ-ಕೋಳಿ ಜನರ ಭೂಮಿಯ ಮೇಲೆ ಆ ನಗರ ನಿಂತಿದೆ. ನ್ಯಾಯವಾದ ಪರಿಹಾರಕ್ಕಾಗಿ ದಿ.ಬಾ. ಪಾಟೀಲರ ನಾಯಕತ್ವದಲ್ಲಿ 1984ರಲ್ಲಿ ನಡೆದ ಹೋರಾಟದಲ್ಲಿ ಐವರು ಗೋಲಿಬಾರಿಗೆ ಬಲಿಯಾದರು. ಉತ್ತಮ ನಗರವೆಂಬುದು ದಾನವಾಗಿ ಬಂದುದಲ್ಲ. ಯಾರೋ ಕೊಟ್ಟದ್ದು, ಯಾರೋ ಕೇಳಿ ಪಡೆದದ್ದು.

ಕೇಳುವ ಈ ವಿಷಯದಲ್ಲೇ ಸಮಾಜ ಹಿಂದೆ ಬಿದ್ದಿದೆ. ಕಲ್ಯಾಣ್-ಡೊಂಬಿವಲಿ ಮತ್ತು ನವಿಮುಂಬಯಿ ಪಾಲಿಕೆಗಳ ಅವಧಿ 2020ರಲ್ಲಿ ಮುಗಿಯಿತು, ಥಾಣೆಯದು 2022ರಲ್ಲಿ. ಸಂವಿಧಾನದ 74ನೆಯ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಚುನಾವಣೆ ಆಗಬೇಕೆಂದು ಹೇಳುತ್ತದೆ. ಆದರೂ 2020ರಲ್ಲಿ ಅವಧಿ ಮುಗಿದ ಪಾಲಿಕೆಗಳು ಐದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಈ ಅವಧಿಯಲ್ಲಿ ವಾರ್ಡಿನ ಗುಂಡಿಗೆ ಉತ್ತರ ಹೇಳುವ ನಗರಸೇವಕನೇ ಇರಲಿಲ್ಲ. ಅಮೆರಿಕದ ಪಟ್ಟಣಗಳಲ್ಲಿ ಶಾಲಾ ಮಂಡಳಿಗೂ ಚುನಾವಣೆ ನಡೆಯುವುದು ಸಾಮಾನ್ಯ. ಆಯವ್ಯಯದ ಬಹಿರಂಗ ಸಭೆಗೆ ಬಂದು ನಿವಾಸಿಗಳು ಪ್ರಶ್ನೆ ಕೇಳುತ್ತಾರೆ. ಅಲ್ಲಿ ನೆಲೆಸಿದ ಮಕ್ಕಳೂ ಅಂಥ ಸಭೆಗಳಿಗೆ ಹೋಗುತ್ತಾರೆ. ಇಲ್ಲಿರುವ ತಂದೆಯರಾದರೋ ಬಸದಿಯ ವಾರ್ಷಿಕ ಲೆಕ್ಕದಲ್ಲಿ ನೂರು ರೂಪಾಯಿಯ ವ್ಯತ್ಯಾಸಕ್ಕೆ ಒಂದು ಗಂಟೆ ವಾದಿಸುತ್ತಾರೆ, ಪಾಲಿಕೆಯ ಸಾವಿರಾರು ಕೋಟಿಯ ಆಯವ್ಯಯವನ್ನು ತೆರೆದೂ ನೋಡುವುದಿಲ್ಲ. ಅಮೆರಿಕದಿಂದ ಕಲಿಯಬೇಕಾದುದು ಇದು. ಇದಕ್ಕೆ ವಿಮಾನದ ಟಿಕೆಟ್ ಬೇಕಾಗಿಲ್ಲ.

ಕೊನೆಗೆ, ಯಾರೂ ಬರೆಯದ ಒಂದು ಸಾಲು. ಅದು ತಂದೆತಾಯಿಯರ ಸಾಲು.

ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗಳು ನ್ಯೂಜೆರ್ಸಿಯಲ್ಲಿ ಹೆರುತ್ತಾಳೆ. ಅಲ್ಲಿ ಕೂಸನ್ನು ನೋಡಿಕೊಳ್ಳುವವರ ಕೂಲಿ ದುಬಾರಿ. ಆದ್ದರಿಂದ ಡೊಂಬಿವಲಿಯ ತಾಯಿ ಬಾಣಂತನಕ್ಕೆ ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಹೋಗುತ್ತಾಳೆ. ಕೂಸಿಗೆ ಎಣ್ಣೆ ಹಚ್ಚಿ ಮೀಯಿಸುತ್ತಾಳೆ, ಮೂರು ಹೊತ್ತು ಅಡುಗೆ ಮಾಡುತ್ತಾಳೆ. ಅಮೆರಿಕದ ವ್ಯವಸ್ಥೆಯಲ್ಲಿರುವ ತೂತನ್ನು ಈ ತಾಯಿ ತನ್ನ ಎರಡು ಕೈಗಳಿಂದ ಮುಚ್ಚುತ್ತಾಳೆ. ಆ ಆರು ತಿಂಗಳು ತಂದೆ ಇಲ್ಲಿ ಒಬ್ಬಂಟಿ, ಡಬ್ಬಿಯ ಊಟ. ಹತ್ತು ವರ್ಷ ಕಳೆಯುತ್ತವೆ. ತಾಯಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗುತ್ತದೆ. ಆಗ ಅವಳ ಬಳಿ ಆರು ವಾರ ಇರಲು ಮಗಳಿಗೆ ರಜೆಯಿಲ್ಲ, ಅಥವಾ ದೇಶ ಬಿಟ್ಟು ಬಂದರೆ ವೀಸಾ ಮುದ್ರೆಯ ತೊಡಕು. ತಾಯಿಯನ್ನು ಅಲ್ಲಿಗೇ ಕರೆಸಿಕೊಳ್ಳೋಣವೆಂದರೆ, ಸಂದರ್ಶಕರ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಪೂರ್ಣ ರಕ್ಷಣೆಯಿಲ್ಲ. ಯಾರೂ ಕೆಟ್ಟವರಲ್ಲ. ಮಗಳು ದಿನವೂ ವಿಡಿಯೋ ಕರೆ ಮಾಡುತ್ತಾಳೆ. ಆದರೆ ಕೊಟ್ಟದ್ದು ಕೈಗಳ ಸೇವೆ, ಮರಳಿ ಬಂದದ್ದು ಪರದೆಯ ಮೇಲಿನ ಮುಖ. ಈ ವ್ಯತ್ಯಾಸವನ್ನು ಯಾವ ಸೂಚ್ಯಂಕವೂ ಅಳೆಯುವುದಿಲ್ಲ.

ಇದಕ್ಕೆ ಪರಿಹಾರ ಮಕ್ಕಳನ್ನು ತಡೆಯುವುದಲ್ಲ, ಮರಳಿ ಬಂದವರನ್ನು ಸೋತವರೆಂದು ನೋಡುವುದಂತೂ ಅಲ್ಲವೇ ಅಲ್ಲ. ಸಮಾಜ ತಕ್ಷಣ ಮಾಡಬಹುದಾದ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಕಾಗದಪತ್ರ. 2024ರ ಅಕ್ಟೋಬರಿನಿಂದ 70 ವರ್ಷ ದಾಟಿದ ಪ್ರತಿಯೊಬ್ಬರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆಯಿದೆ. ಅರ್ಹ ಹಿರಿಯರೆಲ್ಲರೂ ಆ ಕಾರ್ಡು ಮಾಡಿಸಿಕೊಳ್ಳಬೇಕು. ಉಯಿಲು ಬರೆಯಬೇಕು, ಬ್ಯಾಂಕಿನಲ್ಲಿ ಹೆಸರಿಸಿದ ನಾಮಿನಿ ಹಣ ಪಡೆಯುವವನೇ ಹೊರತು ಅದರ ಒಡೆಯನಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಪ್ರೀತಿಯಿಂದ ಮನೆಯನ್ನು ಮಕ್ಕಳ ಹೆಸರಿಗೆ ಬರೆಯುವ ಮುನ್ನ, 2007ರ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆಯ ರಕ್ಷಣೆ ಸಿಗುವಂತೆ, ಆರೈಕೆಯ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಯಬೇಕು.

ಎರಡನೆಯದು, ಜನ. ಪ್ರತಿ ಉಪನಗರದ ಸಂಘಟನೆಯೂ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ರಾತ್ರಿ ಕರೆದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಇಬ್ಬರನ್ನು ಪ್ರತಿ ಮನೆಗೂ ಗೊತ್ತುಮಾಡಬೇಕು. ಉತ್ಸವಗಳ ಬೋಲಿಯಲ್ಲಿ ಕೂಡುವ ಹಣದ ಒಂದು ಪಾಲು ಇದಕ್ಕೆ ಮೀಸಲಾದರೆ ಧರ್ಮಕ್ಕೆ ನಷ್ಟವಿಲ್ಲ. ವೈಯಾವೃತ್ಯವೂ ತಪಸ್ಸಿನ ಒಂದು ಬಗೆಯೆಂದೇ ಶಾಸ್ತ್ರ ಎಣಿಸಿದೆ.

ಮೂರನೆಯದು, ನ್ಯಾಯ. ಮನೆಗೆಲಸದವರಿಗೆ ವಾರದ ರಜೆ, ಕಾಯಿಲೆಯ ದಿನಗಳ ಸಂಬಳ ಕೊಡುವುದನ್ನು ಪ್ರತಿ ಜೈನ ಮನೆಯೂ ನಿಯಮವಾಗಿ ಸ್ವೀಕರಿಸಬೇಕು. ಅವರಿಗಾಗಿ ಮಹಾರಾಷ್ಟ್ರದಲ್ಲಿ 2008ರ ಕಾಯ್ದೆಯ ಕಲ್ಯಾಣ ಮಂಡಳಿಯಿದೆ. ಅದರಲ್ಲಿ ಹೆಸರು ನೋಂದಾಯಿಸಲು ನೆರವಾಗಬೇಕು.

ನಾಲ್ಕನೆಯದು, ಮತ. ಪಾಲಿಕೆಯ ಅಭ್ಯರ್ಥಿ ಯಾವ ಪಕ್ಷದವರೇ ಆಗಿರಲಿ, ಜಾತಿ, ಭಾಷೆ, ಜೈಕಾರಗಳನ್ನು ಬದಿಗಿಟ್ಟು ನೀರು, ಕಾಲುದಾರಿ, ಪಾಲಿಕೆಯ ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ಕೇಳಬೇಕು.

ಶ್ರಾವಕರ ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಇಷ್ಟು ಸಾಕು ಎಂದು ಮೊದಲೇ ಗೆರೆ ಹಾಕಿಕೊಳ್ಳುವ ವ್ರತವದು. ಗೆರೆಯೇ ಇಲ್ಲದವನಿಗೆ ಎರಡು ದೇಶಗಳಲ್ಲಿ ಯಾವುದು ಮೇಲೆಂದು ಎಂದೂ ತಿಳಿಯಲಾರದು; ಅವನ ಬಯಕೆ ಯಾವಾಗಲೂ ಮೂರನೆಯ ದೇಶದಲ್ಲಿರುತ್ತದೆ. ಗೆರೆ ಹಾಕಿಕೊಂಡ ಕುಟುಂಬ ಮಾತ್ರ ನೆಮ್ಮದಿಯಿಂದ ಕುಳಿತು ಕೇಳಬಲ್ಲದು: ಇಷ್ಟು ಗಳಿಸಿಯಾಯಿತು, ಇನ್ನು ಯಾರ ಬಳಿ ಇರಬೇಕು? ಈ ವರ್ಷದ ದಶಲಕ್ಷಣ ಪರ್ವದಲ್ಲಿ ಮಕ್ಕಳು ದೂರದಿಂದ ಕ್ಷಮಾವಣಿಯ ಕರೆ ಮಾಡುವಾಗ ತಂದೆತಾಯಿಯರು ಆ ಪ್ರಶ್ನೆಯನ್ನು ಅಳುಕಿಲ್ಲದೆ ಎತ್ತಲಿ, ಮಕ್ಕಳು ಬೇಸರವಿಲ್ಲದೆ ಉತ್ತರಿಸಲಿ. ಉತ್ತರ ನ್ಯೂಜೆರ್ಸಿಯೆಂದಾಗಲಿ ಡೊಂಬಿವಲಿಯೆಂದಾಗಲಿ ಬರಬಹುದು. ಎರಡೂ ಬದಿ ಬರೆದ ಲೆಕ್ಕದಿಂದ ಬಂದುದಾದರೆ ಸಾಕು.